ಬ್ಯಾಡಗಿಯ ಹಲ್ಲಿನ ಕುರ್ಚಿ

ರಾಣೆಬೆನ್ನೂರಿನ ಒಂದು ಹಲ್ಲಿನ ದವಾಖಾನೆಯಲ್ಲಿ ನಾನು ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ನನ್ನ ಕೆಲಸಕ್ಕೆ ಡೆಂಟಲ್ ಹೈಜೀನಿಸ್ಟ್ ಎಂದು ಹೆಸರು. ಹಲ್ಲಿಗೆ ಗಟ್ಟಿಯಾಗಿ ಕಟ್ಟಿಕೊಂಡ ಗಾರೆಯನ್ನು ತೆಗೆಯುವುದು, ಒಸಡಿನಿಂದ ರಕ್ತ ಬರುವವರ ಬಾಯಿ ಸ್ವಚ್ಛ ಮಾಡುವುದು, ಹುಳುಕು ಹತ್ತದಂತೆ ಮಕ್ಕಳ ಹಲ್ಲಿಗೆ ಔಷಧ ಹಚ್ಚುವುದು, ಹಲ್ಲುಜ್ಜುವ ರೀತಿ ಕಲಿಸುವುದು ನನ್ನ ಪಾಲಿಗೆ ಬರುವ ಕೆಲಸಗಳು. ಇದಕ್ಕೆ ಬೇರೆಯೇ ಡಿಪ್ಲೊಮಾ ಇದೆ, ನೋಂದಣಿ ಇದೆ. ಆದರೆ ಏನು ಮಾಡಿದರೂ ಡಾಕ್ಟರ ಕಣ್ಣೆದುರಿಗೇ ಮಾಡಬೇಕು. ಹಲ್ಲು ಕೀಳುವುದು, ಹುಳುಕು ಕೊರೆದು ತುಂಬುವುದು, ಮರಗಟ್ಟುವ ಸೂಜಿ ಚುಚ್ಚುವುದು ಅವರ ಕೆಲಸ. ನಾನು ಮುಟ್ಟುವಂತಿಲ್ಲ.

ನನ್ನ ತವರು ಮೋಟೆಬೆನ್ನೂರು. ಅಪ್ಪ ಹೊಲ ಮಾಡಿಕೊಂಡಿದ್ದವರು. ನಾನು ಕೋರ್ಸು ಮುಗಿಸಿ ಊರಿಗೆ ಬಂದಾಗ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಿದ್ದ ಪಕ್ಕದ ಮನೆಯ ಹಿರಿಯರು, “ಹಂಗಾರ ಮಗಳು ಅರ್ಧಾ ಡಾಕ್ಟ್ರು ಆಗ್ಯಾಳ ಅನ್ನು” ಎಂದರು. ಹಂಗಿಸುವ ಮಾತಲ್ಲ, ಅವರಿಗೆ ತಿಳಿದ ಹಾಗೆ ಹೇಳಿದ್ದು. ಅಪ್ಪ ಕಪ್ಪು ಕೆಳಗಿಟ್ಟು, “ಅರ್ಧಾ ಯಾಕ? ಅಕೀ ಕೆಲಸದಾಗ ಅಕಿ ಪೂರ್ತಿನ ಅದಾಳ” ಎಂದರು. ಅಪ್ಪ ನನ್ನ ಕೆಲಸದ ಬಗ್ಗೆ ಹೊರಗಿನವರ ಮುಂದೆ ಆಡಿದ್ದು ಅದೊಂದೇ ಮಾತು. ನನಗೆ ಅದು ಸಾಕಾಗಿತ್ತು.

ಮದುವೆಯಾಗಿ ಬ್ಯಾಡಗಿಗೆ ಬಂದೆ. ಗಂಡ ಅಲ್ಲಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಾರೆ. ನಾನು ಬೆಳಿಗ್ಗೆ ಬಸ್ಸಿಗೋ ರೈಲಿಗೋ ರಾಣೆಬೆನ್ನೂರಿಗೆ ಹೋಗಿ ಸಂಜೆ ಮರಳುತ್ತಿದ್ದೆ. ಮೆಣಸಿನಕಾಯಿಯ ಸೀಸನ್ನಿನಲ್ಲಿ ಬಸ್ಸು ಬ್ಯಾಡಗಿ ಹತ್ತಿರ ಬಂದೊಡನೆ ಘಾಟಿಗೆ ಪರವೂರಿನವರು ಒಬ್ಬರ ಹಿಂದೆ ಒಬ್ಬರು ಸೀನತೊಡಗುತ್ತಾರೆ, ಕಿಟಕಿ ಮುಚ್ಚುತ್ತಾರೆ. ನಮ್ಮವರು ಚೀಲ ಕೈಗೆ ತೆಗೆದುಕೊಂಡು ಇಳಿಯಲು ಸಿದ್ಧರಾಗುತ್ತಾರೆ.

ದವಾಖಾನೆಯಲ್ಲಿ ಒಂದು ಸಂಗತಿ ನನ್ನನ್ನು ಕಾಡುತ್ತಿತ್ತು. ಬ್ಯಾಡಗಿಯಿಂದ ಬರುವ ಹೆಣ್ಣುಮಕ್ಕಳು, ಅದರಲ್ಲೂ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವರು, ಬರುವ ಹೊತ್ತಿಗೆ ಹಲ್ಲು ಉಳಿಸುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ನೋವು ತಾಳಲಾರದೆ ಬರುತ್ತಿದ್ದರು, ಕೀಳಿಸಿಕೊಂಡು ಹೋಗುತ್ತಿದ್ದರು. ಮತ್ತೆ ಬರುವುದು ಇನ್ನೊಂದು ಹಲ್ಲು ನೋಯತೊಡಗಿದಾಗ. ಹತ್ತಿರದಲ್ಲೊಂದು ಕುರ್ಚಿ ಇದ್ದಿದ್ದರೆ ಇವರಲ್ಲಿ ಅರ್ಧ ಜನರ ಹಲ್ಲು ನನ್ನ ಕೈಯಲ್ಲೇ ಉಳಿಯುತ್ತಿದ್ದವು ಎಂದು ನಮ್ಮ ಡಾಕ್ಟರಿಗೆ ಹೇಳಿದೆ. ಅವರು ಹಿರಿಯರು, ಮಾತು ಕಡಿಮೆ. “ನೋಡೂಣು” ಎಂದರು. ಅವರ “ನೋಡೂಣು” ಎಂದರೆ ಸಾಮಾನ್ಯವಾಗಿ ಇಲ್ಲ ಎಂದರ್ಥ. ಆದರೆ ಆ ಸಲ ಖರೇನೇ ನೋಡಿದರು. ಮುಚ್ಚಿಹೋದ ಯಾವುದೋ ದವಾಖಾನೆಯ ಹಳೆಯ ಕುರ್ಚಿ ತಂದು, ಬ್ಯಾಡಗಿಯಲ್ಲಿ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯ ಒಂದು ಖೋಲಿಯಲ್ಲಿ ಹಾಕಿಸಿದರು. ವಾರಕ್ಕೆರಡು ದಿನ ಅವರು ಬರುವುದು, ಆ ದಿನ ನಾನೂ ಅಲ್ಲೇ ಇರುವುದು ಎಂದಾಯಿತು. ಉಳಿದ ದಿನಗಳಲ್ಲಿ ನಾನು ಬೆಳಿಗ್ಗೆ ಸ್ವಲ್ಪ ಹೊತ್ತು ಬಾಗಿಲು ತೆರೆದು ಬಂದವರಿಗೆ ತಿಳಿಸಿ ಹೇಳಬಹುದಿತ್ತು, ಅಷ್ಟೇ. ಕುರ್ಚಿಗೆ ಬಟ್ಟೆ ಹೊದಿಸಿಟ್ಟಿರುತ್ತಿದ್ದೆ.

ಅಂಥ ಒಂದು ದಿನ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಗಲ್ಲಕ್ಕೆ ಸೆರಗು ಒತ್ತಿಕೊಂಡು ಬಂದಳು. ವಯಸ್ಸು ಅರವತ್ತರ ಹತ್ತಿರ. ಯಾರ್ಡಿನಲ್ಲಿ ತೊಟ್ಟು ಬಿಡಿಸುವ ಹೆಂಗಸರ ಒಂದು ಗುಂಪಿಗೆ ಆಕೆಯೇ ಹಿರಿಯಳು. ಯಾವ ಅಂಗಡಿಯಲ್ಲಿ ಕೆಲಸ, ಯಾರು ಎಲ್ಲಿ ಕೂಡಬೇಕು ಎಂಬುದನ್ನೆಲ್ಲ ಆಕೆಯೇ ಹೇಳಬೇಕು. ಎಲ್ಲರೂ ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದರು. ನನಗೂ ಮುಖಪರಿಚಯವಿತ್ತು. ಒಳಗೆ ಬಂದವಳೇ ಬಟ್ಟೆ ಸರಿಸಿ ಕುರ್ಚಿಯ ಮೇಲೆ ಕುಳಿತುಬಿಟ್ಟಳು.

“ಕಿತ್ತ ಒಗಿ, ಯವ್ವಾ.”

“ನಾ ಕೀಳಾಂಗಿಲ್ಲ ಬೇ. ಡಾಕ್ಟ್ರು ಕೀಳಬೇಕು. ಅವ್ರು ನಾಳೆ ಬರ್ತಾರ.”

ಆಕೆ ತಟ್ಟೆಯಲ್ಲಿದ್ದ ಇಕ್ಕಳದತ್ತ ನೋಡಿದಳು. “ಇದನ್ನ ಹಿಡಿಯಾಕ ನಿನಗ ಬರೂದಿಲ್ಲೇನು?”

“ಹಿಡಿಯಾಕ ಬರ್ತೈತಿ. ಕೀಳಾಕ ಲೈಸನ್ಸ್ ಇಲ್ಲ.”

“ನನ್ನ ತಮ್ಮಗೂ ಟ್ರ್ಯಾಕ್ಟರ್ ಲೈಸನ್ಸ್ ಇಲ್ಲ. ಹೊಡಿತಾನ.”

“ಅದನ್ನ ಯಾರ ಬಾಯಾಗೂ ಹಾಕೂದಿಲ್ಲ ಬೇ.”

ಆಕೆಗೆ ನಗು ಬಂತು. ನಗಲು ಹೋಗಿ ನೋವಿನಿಂದ ಮುಖ ಕಿವುಚಿದಳು. ಆಗ ನಾನು ಸರಿಯಾಗಿ ನೋಡಿದೆ. ಬಾವು ಗಲ್ಲದಲ್ಲಷ್ಟೇ ಇರಲಿಲ್ಲ, ದವಡೆಯ ಕೆಳಗೂ ಇಳಿದಿತ್ತು. ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಮೈ ಸುಡುತ್ತಿತ್ತು. ಇಂಥದ್ದು ನಾಳೆಯವರೆಗೆ ಕಾಯಬಾರದು ಎಂದು ನಮಗೆ ಕಲಿಸಿದ್ದರು. ಡಾಕ್ಟರಿಗೆ ಫೋನ್ ಮಾಡಿದೆ. ಎರಡು ಪ್ರಶ್ನೆ ಕೇಳಿ, “ಈಗಿಂದೀಗ ಕರ್ಕೊಂಡ ಬಾ, ನಾ ಇಲ್ಲೇ ಇರ್ತೇನಿ” ಎಂದರು.

ಆಕೆ ಒಪ್ಪಲಿಲ್ಲ. ಅಂದು ಹೊಸ ಮಾಲು ಬಂದಿತ್ತು. “ನಾ ಹ್ವಾದ್ರ ಅವ್ರಿಗೆಲ್ಲಾ ಹೇಳಾವ್ರು ಯಾರು?” ಎಂದಳು. ಆಕೆಯನ್ನು ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತಿದ್ದ ಜೊತೆಗಾತಿಯೊಬ್ಬಳು, “ನೀ ಇಲ್ಲಾಂದ್ರ ನಾವು ಇನ್ನೂ ಲಗೂ ಮುಗಸ್ತೇವಿ, ಹೋಗಬೇ” ಎಂದು ಗದರಿದಳು. ದೊಡ್ಡವ್ವ ಗೊಣಗುತ್ತ ಕುರ್ಚಿಯಿಂದ ಇಳಿದಳು. ನಾವಿಬ್ಬರೂ ಸ್ಟೇಷನ್ನಿಗೆ ನಡೆದೆವು.

ರೈಲಿನಲ್ಲಿ ಕಿಟಕಿಗೆ ತಲೆಯಾನಿಸಿ ಕುಳಿತು ನಿಧಾನವಾಗಿ ಮಾತಾಡಿದಳು. ಎಡಗಡೆಯಿಂದ ಊಟ ಮಾಡಿ ವರ್ಷಗಳೇ ಆದವಂತೆ. ಒಣಗಿ ಗರಿಗರಿಯಾದ ಕಟಿರೊಟ್ಟಿ ಬಿಟ್ಟು, ಮೆತ್ತನೆಯ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಂಗುವುದಂತೆ. ಮುಂದಿನ ಹಲ್ಲುಗಳೂ ಅಲುಗಾಡತೊಡಗಿದ ಮೇಲೆ ನಗುವಾಗ ಬಾಯಿಗೆ ಸೆರಗು ಹಿಡಿಯುವುದು ರೂಢಿಯಾಗಿತ್ತು. “ವಯಸ್ಸಾತು, ಹಲ್ಲ ಹೋಗೂವನ” ಎಂದಳು. ನಾನು, “ಹೋಗಲೇಬೇಕಂತ ಏನೂ ಇಲ್ಲ ಬೇ” ಎಂದೆ. ನಂಬಲಿಲ್ಲ. ರಾಣೆಬೆನ್ನೂರು ಬರುವ ಹೊತ್ತಿಗೆ ನನ್ನ ಕೈ ಹಿಡಿದುಕೊಂಡಿದ್ದಳು. ಅದು ನಂಬಿಕೆಯಿಂದಲ್ಲ, ಹೆದರಿಕೆಯಿಂದ.

ಡಾಕ್ಟರು ಅಂದು ಬಾವನ್ನು ಕೊಯ್ದು ಕೀವು ತೆಗೆದು ಔಷಧ ಕೊಟ್ಟರು. ಇನ್ನೊಂದು ದಿನ ತಡವಾಗಿದ್ದರೆ ಹುಬ್ಬಳ್ಳಿಗೆ ಕಳಿಸಬೇಕಾಗುತ್ತಿತ್ತು ಎಂದು ನನಗೆ ಮಾತ್ರ ಹೇಳಿದರು. ಬಾವು ಇಳಿದ ಮೇಲೆ ಬ್ಯಾಡಗಿಯ ಖೋಲಿಯಲ್ಲೇ ಆ ಹಲ್ಲನ್ನು ಕಿತ್ತರು. ಮುಗಿಯಿತೆಂದು ಎದ್ದು ಹೊರಟವಳನ್ನು ನಿಲ್ಲಿಸಿ, “ಅವ್ವಾ, ಕೀಳೂದು ನನ್ನ ಕೆಲಸ, ಆತು. ಉಳಿದಿದ್ದನ್ನ ಉಳಸೂದು ಈಕೀ ಕೆಲಸ” ಎಂದು ನನ್ನತ್ತ ಕೈ ತೋರಿಸಿದರು.

ಆಕೆಯ ಬಾಯಿ ಸ್ವಚ್ಛ ಮಾಡಲು ಬಹಳ ಸಲ ಕೂರಿಸಬೇಕಾಯಿತು. ಎಲೆ, ಅಡಕೆ, ತಂಬಾಕು, ಸುಣ್ಣ ಸೇರಿ ಹಲ್ಲಿನ ಹಿಂದೆ ಕಲ್ಲಿನಂತಾಗಿತ್ತು. ಸ್ವಲ್ಪ ಸ್ವಲ್ಪವೇ ತೆಗೆಯುತ್ತ ಹೋದೆ. ಮೊದಲ ಸಲ ಆದ ಮೇಲೆ ನಾಲಿಗೆಯಾಡಿಸಿ, “ಹಲ್ಲಿನ ಸಂದ್ಯಾಗ ಗಾಳಿ ಆಡಾಕತೈತಿ, ನೀ ಏನರ ಕಡದೀಯೇನು?” ಎಂದು ಸಂಶಯಪಟ್ಟಳು. ಕನ್ನಡಿ ಹಿಡಿದು ತೋರಿಸಿದೆ. ತಂಬಾಕು ಒಮ್ಮೆಲೇ ಬಿಡಲಿಲ್ಲ. ಬಿಟ್ಟೆನೆಂದು ಹೇಳಿ ಬರುತ್ತಿದ್ದಳು, ಬಾಯಿ ತೆರೆದರೆ ಗೊತ್ತಾಗುತ್ತಿತ್ತು, ನಾನು ಮತ್ತೆ ಸ್ವಚ್ಛ ಮಾಡಲು ತೊಡಗುತ್ತಿದ್ದೆ. ಆಮೇಲೆ ಅದರ ಬದಲು ಸೆರಗಿನ ಗಂಟಿನಲ್ಲಿ ಹುರಿದ ಪುಠಾಣಿ ಕಡಲೆ ಇಟ್ಟುಕೊಳ್ಳತೊಡಗಿದಳು. ಒಸಡು ಗಟ್ಟಿಯಾಯಿತು. ಅಲುಗಾಡುತ್ತಿದ್ದ ಹಲ್ಲುಗಳಲ್ಲಿ ಹೆಚ್ಚಿನವು ನಿಂತವು.

ಮಳೆಗಾಲಕ್ಕೆ ಮುಂಚಿನ ಒಂದು ಮಧ್ಯಾಹ್ನ ಯಾರ್ಡಿನ ಕಡೆಯಿಂದ ಹೋಗುತ್ತಿದ್ದೆ. ಹೆಂಗಸರು ಅಂಗಡಿಯ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ದೊಡ್ಡವ್ವ ನನ್ನನ್ನು ಕೂಗಿ ಕರೆದಳು. ಏನೋ ನೋವೆಂದು ಹತ್ತಿರ ಹೋದೆ. “ನಿಲ್ಲು, ನೋಡಿಲ್ಲೆ” ಎಂದವಳೇ ಕಟಿರೊಟ್ಟಿಯ ತುಂಡು ಮುರಿದು ಬಾಯಿಗೆ ಹಾಕಿಕೊಂಡು, ಎಲ್ಲರಿಗೂ ಕೇಳುವಂತೆ ಕಟಕಟ ಅಗಿದಳು. ಉಳಿದವರು ತಮ್ಮ ಊಟ ಬಿಟ್ಟು ಅವಳನ್ನೇ ನೋಡುತ್ತಿದ್ದರು. ನುಂಗಿದ ಮೇಲೆ, “ಈಗ ನೀವೂ ಹೋಗ್ರಿ ಅಕೀ ಕಡೆ” ಎಂದಳು, ಯಾರಿಗೆ ಯಾವ ಸಾಲು ಎಂದು ಹೇಳುವ ದನಿಯಲ್ಲೇ.

ಬಂದರು. ತೊಂದರೆ ಶುರುವಾದದ್ದೇ ಅಲ್ಲಿಂದ. ಡಾಕ್ಟರು ಬರುವ ದಿನ ಓಣಿಯ ತುಂಬ ಜನ. ಬರದ ದಿನವೂ ಬಂದು ಕಾಯುತ್ತಿದ್ದರು, ನಾನು ತಿರುಗಿ ಕಳಿಸುತ್ತಿದ್ದೆ. ಕುರ್ಚಿ ಇತ್ತು, ಸಲಕರಣೆ ಇತ್ತು, ಕೆಲಸ ಬಲ್ಲ ನಾನಿದ್ದೆ. ಆದರೆ ಡಾಕ್ಟರು ರಾಣೆಬೆನ್ನೂರಿನಲ್ಲಿರುತ್ತಿದ್ದರು. ಅವರಿಗೂ ವಯಸ್ಸಾಗಿತ್ತು, ಇನ್ನೊಂದು ದಿನ ಹೆಚ್ಚಿಗೆ ಬನ್ನಿ ಎಂದು ಕೇಳಲು ನನಗೆ ಮನಸ್ಸಾಗುತ್ತಿರಲಿಲ್ಲ.

ಅದೇ ಹೊತ್ತಿಗೆ ಹಾವೇರಿಯಲ್ಲಿ ಸುತ್ತಲಿನ ಹಲ್ಲಿನ ಡಾಕ್ಟರುಗಳ ಒಂದು ಸಭೆ ಸೇರಿತು. ನಮ್ಮ ಡಾಕ್ಟರು ನನ್ನನ್ನೂ ಕರೆದುಕೊಂಡು ಹೋದರು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಪ್ರಾಧ್ಯಾಪಕಿ ಮಾತಾಡಿದರು. ಕೆಲವು ದೇಶಗಳಲ್ಲಿ ನನ್ನಂಥವರಿಗೆ ಇನ್ನಷ್ಟು ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಸಣ್ಣ ಹುಳುಕು ತುಂಬಲು, ಹಾಲು ಹಲ್ಲು ತೆಗೆಯಲು ಪರವಾನಗಿ ಕೊಡುತ್ತಾರಂತೆ. ಅವರು ಹಳ್ಳಿಗಳಲ್ಲಿ ಕೆಲಸ ಮಾಡುತ್ತಾರೆ, ದೊಡ್ಡ ತೊಂದರೆ ಕಂಡರೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಇಲ್ಲಿಯೂ ಹಾಗೆ ಮಾಡಬಹುದೇ ಎಂಬುದು ಅಂದಿನ ಚರ್ಚೆ.

ಹಿಂದಿನ ಸಾಲಿನಿಂದ ಒಬ್ಬ ತರುಣ ಡಾಕ್ಟರು ಎದ್ದು ನಿಂತರು. ಓದು ಮುಗಿಸಿ ಹಾವೇರಿಯಲ್ಲಿ ಬೇರೆಯವರ ದವಾಖಾನೆಯಲ್ಲಿ ದುಡಿಯುತ್ತಿದ್ದವರು.

“ಐದು ವರ್ಷ ಓದೀವ್ರಿ ನಾವು. ರಾಣೆಬೆನ್ನೂರಿನ ಒಂದ ರಸ್ತಾದಾಗ ಹಲ್ಲಿನ ದವಾಖಾನಿ ಬೋರ್ಡ್ ನೋಡ್ಕೊಂತ ಹೋಗ್ರಿ, ಗೊತ್ತಾಗ್ತೈತಿ. ಡಾಕ್ಟ್ರು ಇಲ್ಲಂತಲ್ಲ. ಡಾಕ್ಟ್ರು ಹಳ್ಳಿಯೊಳಗ ಕುಂತು ಬದುಕೂ ಹಂಗ ಯಾರೂ ಮಾಡಿಲ್ಲ. ಅದನ್ನ ಬಿಟ್ಟು, ಶಹರದವ್ರಿಗೆ ಡಾಕ್ಟ್ರು, ಹಳ್ಳಿಯವ್ರಿಗೆ ಕಡಿಮಿ ಕಲತಾವ್ರು ಅಂದ್ರ ಇದು ನ್ಯಾಯ ಹೆಂಗಾತ್ರಿ?”

ಹಲವರು ಚಪ್ಪಾಳೆ ತಟ್ಟಿದರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆತ ಹೇಳಿದ್ದು ಸುಳ್ಳೆಂದು ನನಗೆ ಅನಿಸಲಿಲ್ಲ. ಅಷ್ಟರಲ್ಲಿ ನಮ್ಮ ಡಾಕ್ಟರು ಕುಳಿತಲ್ಲಿಂದಲೇ, “ಈ ಕೆಲಸ ಮಾಡಾವ್ರೊಬ್ಬರು ಇಲ್ಲೇ ಅದಾರ, ಅವ್ರನ್ನೂ ಕೇಳ್ರಿ” ಎಂದು ನನ್ನನ್ನು ಎಬ್ಬಿಸಿದರು. ಅಷ್ಟು ಜನರ ಮುಂದೆ ನಾನು ಎಂದೂ ಮಾತಾಡಿರಲಿಲ್ಲ. ದೊಡ್ಡವ್ವನ ದವಡೆ ಬಾತ ಆ ಮುಂಜಾನೆಯ ಸಂಗತಿಯನ್ನು ಹೇಳಿದೆ. ಆಮೇಲೆ ಹೇಳಿದೆ:

“ಕೊಯ್ಯೂ ಕೆಲಸ ನನಗ ಬ್ಯಾಡ್ರಿ, ಅದು ನಿಮ್ಮದು. ಆದ್ರ ಡಾಕ್ಟ್ರು ಫೋನಿನ್ಯಾಗ ಇದ್ದಾಗ ನಾ ಬಾಯಿ ಸ್ವಚ್ಛ ಮಾಡಬಹುದು. ಅಲುಗಾಡೂ ಹಾಲು ಹಲ್ಲ ತಗೀಬಹುದು. ತೂತಿಗೆ ನೀವು ಬರೂತನಕಾ ಔಷಧ ತುಂಬಬಹುದು. ನಮಗ ಕಲಸ್ರಿ, ಪರೀಕ್ಷಾ ತಗೋರಿ, ಪಾಸಾದ್ರ ಪರವಾನಗಿ ಕೊಡ್ರಿ. ಅಲ್ಲೀತನಕ ನಾ ಮುಟ್ಟೂದಿಲ್ಲ.”

ಸಭೆಯಲ್ಲಿ ಏನೂ ತೀರ್ಮಾನವಾಗಲಿಲ್ಲ. ಅಂಥದ್ದು ಹಾವೇರಿಯಲ್ಲಿ ತೀರ್ಮಾನವಾಗುವ ವಿಷಯವೂ ಅಲ್ಲ. ಊಟಕ್ಕೆ ಎದ್ದೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಹಾಕಿಸಿಕೊಂಡು ನಿಂತಿದ್ದಾಗ ಆ ತರುಣ ಡಾಕ್ಟರು ತಟ್ಟೆ ಹಿಡಿದು ಹತ್ತಿರ ಬಂದರು.

“ನನ್ನ ಮಾತಿಗೆ ಬ್ಯಾಸರಾತೇನ್ರಿ ಮೇಡಂ?”

“ಇಲ್ರಿ. ನೀವು ಹೇಳಿದ್ದು ಖರೇ ಐತಿ.”

“ಖರೇ ಇದ್ರ ಮತ್ತ ನೀವು ಹಂಗ್ಯಾಕ ಅಂದ್ರಿ?”

“ನಾ ಅಂದಿದ್ದೂ ಖರೇ ಐತ್ರಿ. ಬ್ಯಾಡಗಿಗೊಮ್ಮೆ ಬರ್ರಿ, ಕುರ್ಚಿ ಖಾಲಿ ಐತಿ.”

ಚೇಷ್ಟೆಗೆ ಅಂದೆನೆಂದು ತಿಳಿದು ನಕ್ಕರು. ನಾನೂ ಹೆಚ್ಚಿನ ಆಸೆ ಇಟ್ಟುಕೊಂಡು ಹೇಳಿದ್ದಲ್ಲ. ಆದರೆ ಕೆಲವು ದಿನ ಬಿಟ್ಟು ನಮ್ಮ ಡಾಕ್ಟರಿಗೆ ಅವರ ಫೋನ್ ಬಂತು. ಆಮೇಲೆ ಒಂದು ಸಂಜೆ ಅವರಿಬ್ಬರೂ ದವಾಖಾನೆಯಲ್ಲಿ ಕುಳಿತು ಚಹಾ ಕುಡಿದು ತಮ್ಮೊಳಗೇ ಏನೋ ಮಾತಾಡಿಕೊಂಡರು. ಮುಂದಿನ ತಿಂಗಳಿನಿಂದ, ನಮ್ಮ ಡಾಕ್ಟರು ಬರದ ದಿನಗಳ ಪೈಕಿ ಎರಡು ದಿನ ಆ ತರುಣ ಡಾಕ್ಟರು ಬ್ಯಾಡಗಿಯ ಖೋಲಿಗೆ ಬರತೊಡಗಿದರು.

ಮೊದಲ ದಿನ ಅವರು ಮಾಡಿದ್ದು ಸೀನುವುದೊಂದೇ. ಬಾಯಿಗೆ ಮಾಸ್ಕು, ಕಣ್ಣಲ್ಲಿ ನೀರು. ದೊಡ್ಡವ್ವ ಹೊಸ ಡಾಕ್ಟರನ್ನು ನೋಡಲೆಂದೇ ಬಂದಿದ್ದಳು. ಬಾಗಿಲಲ್ಲಿ ನಿಂತು ಅವರನ್ನು ಮೇಲಿಂದ ಕೆಳಗೆ ನೋಡಿ, “ಇವ್ರ ಹಲ್ಲ ನೀ ನೋಡೀಯೇನು?” ಎಂದು ನನ್ನನ್ನು ಕೇಳಿದಳು. ಡಾಕ್ಟರು ಮಾಸ್ಕು ಕೆಳಗಿಳಿಸಿ, ಬಾಯಿ ಅಗಲಿಸಿ ತೋರಿಸಿದರು. “ಅಡ್ಡಿಯಿಲ್ಲ” ಎಂದು ಒಳಗೆ ಬಂದು ಕುಳಿತಳು.

ಕೆಲಸ ತಾನಾಗಿಯೇ ಹಂಚಿಹೋಯಿತು. ಬಂದವರನ್ನು ಮೊದಲು ನಾನು ನೋಡುವುದು, ಸ್ವಚ್ಛ ಮಾಡುವುದು, ತಿಳಿಸಿ ಹೇಳುವುದು. ತುಂಬುವ, ಕೀಳುವ ಹಲ್ಲಿದ್ದರೆ ಅವರು. ಅವರ ಕೈ ಹಗುರ, ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲ ಎಂದು ಹೆಂಗಸರಲ್ಲಿ ಸುದ್ದಿಯಾಯಿತು. ಎಕ್ಸ್‌ರೇ ಹಿಡಿದು, ಹಲ್ಲಿನ ಬೇರಿನ ತುದಿಯಲ್ಲಿ ಕಾಣುವ ಕಪ್ಪು ನೆರಳಿಗೆ ಏನರ್ಥ ಎಂದು ಬಿಡುವಿದ್ದಾಗಲೆಲ್ಲ ನನಗೆ ಕಲಿಸುತ್ತಾರೆ. ಅವರಿಗೆ ಕಲಿಸುವುದರಲ್ಲಿ ಖುಷಿ, ನನಗೆ ಕಲಿಯುವುದರಲ್ಲಿ. ಮೇಡಂ ಎನ್ನುವುದು ಹೋಗಿ ಯಾವಾಗಲೋ ಅಕ್ಕಾರ ಎನ್ನತೊಡಗಿದರು.

ವಾದ ಮಾತ್ರ ಮುಗಿದಿಲ್ಲ. ಮಧ್ಯಾಹ್ನದ ಚಹಾಕ್ಕೆ ಅದೇ ನಂಜಿಕೊಳ್ಳಲು. “ನಾ ಬಂದೆ, ಈಗ ಪರವಾನಗಿ ಯಾಕ ಬೇಕ್ರಿ ಅಕ್ಕಾರ?” ಎನ್ನುತ್ತಾರೆ. “ನೀವು ಬ್ಯಾಡಗಿಗೆ ಬಂದ್ರಿ. ಉಳಿದ ಊರಿಗೆ ಯಾರು ಹ್ವಾದ್ರು?” ಎನ್ನುತ್ತೇನೆ. ಒಮ್ಮೆ ಚಹಾದ ಕಪ್ಪು ತೊಳೆದಿಟ್ಟು ಬಂದು, “ಹಾಲು ಹಲ್ಲಿಗೆ ಕೊಡಬಹುದು. ಪರೀಕ್ಷಾ ಮಾತ್ರ ಗಟ್ಟಿ ಇರಬೇಕು” ಎಂದರು. ಅಷ್ಟು ಬಂದದ್ದೇ ದೊಡ್ಡದೆಂದು ನಾನು ಅಂದು ಮುಂದೆ ಎಳೆಯಲಿಲ್ಲ.

ಈ ವರ್ಷ ಮೇಡ್ಲೇರಿಯ ಒಂದು ಶಾಲೆಗೆ ಮಕ್ಕಳ ಹಲ್ಲು ನೋಡಲು ಇಬ್ಬರೂ ಹೋಗಿದ್ದೆವು. ಹೊಳೆಯ ಕಡೆಯ ಹೊಲಗಳಿಗೆ ಆಗತಾನೇ ನೀರು ಬಿಟ್ಟಿದ್ದರು, ದಾರಿಯುದ್ದಕ್ಕೂ ತಂಪು. ಮಕ್ಕಳನ್ನು ವರಾಂಡದಲ್ಲಿ ಸಾಲಾಗಿ ಕೂರಿಸಿದ್ದರು. ನಾನು ನೋಡಿ, ಔಷಧ ಹಚ್ಚಿ ಕಳಿಸುತ್ತಿದ್ದೆ. ತುಂಬಬೇಕಾದ ಹಲ್ಲಿದ್ದವರನ್ನು ಡಾಕ್ಟರು ಆಚೆ ಬೆಂಚಿನ ಮೇಲೆ ಮಲಗಿಸಿಕೊಂಡಿದ್ದರು. ಎರಡನೆಯ ಇಯತ್ತೆಯ ಹುಡುಗಿಯೊಬ್ಬಳು ಬಂದಳು. ಮುಂದಿನ ಹಾಲು ಹಲ್ಲು ಒಂದೇ ಎಳೆಯಲ್ಲಿ ನೇತಾಡುತ್ತಿತ್ತು. ಉಸಿರು ಬಿಟ್ಟರೆ ಅಲುಗಾಡುತ್ತಿತ್ತು.

“ಇಲ್ಲೆ ಬರ್ರಿ, ಒಂದು ಹಲ್ಲ ತಗೀಬೇಕು” ಎಂದು ಕರೆದೆ.

ಅವರ ಕೈತುಂಬ ಕೆಲಸವಿತ್ತು. ಅಲ್ಲಿಂದಲೇ ಕತ್ತು ಹೊರಳಿಸಿ ನೋಡಿ, “ಅದೇನು ದೊಡ್ಡದು, ನೀವ ತಗೀರಿ ಅಕ್ಕಾರ, ನಾ ಇಲ್ಲೇ ಅದೇನಿ” ಎಂದರು.

“ಬ್ಯಾಡ್ರಿ. ನೀವ ಬರ್ರಿ.”

“ಒಂದು ಚೂರು ಮುಟ್ಟಿದ್ರ ಬರ್ತೈತಿ.”

“ಬರಲಿ. ನಾ ಮುಟ್ಟೂದಿಲ್ಲ.”

ಹುಡುಗಿ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ನಮ್ಮ ಮಾತು ಮುಗಿಯುವಂತಿಲ್ಲ ಎನಿಸಿತೇನೋ. ನಾಲಿಗೆಯಿಂದ ಹಲ್ಲನ್ನು ಮುಂದಕ್ಕೆ ನೂಕಿ, ಎರಡು ಬೆರಳಲ್ಲಿ ಹಿಡಿದು ತಿರುವಿ, ಪಟಕ್ಕನೆ ಕಿತ್ತು ನನ್ನ ಅಂಗೈ ಮೇಲಿಟ್ಟಳು. ಸಾಲಿನಲ್ಲಿದ್ದ ಮಕ್ಕಳೆಲ್ಲ ಹೋ ಎಂದರು. ಡಾಕ್ಟರು ಓಡಿಬಂದು ಹತ್ತಿ ಕೊಟ್ಟು, “ಕಚ್ಚಿ ಹಿಡಿ” ಎಂದರು. ರಕ್ತ ಒಂದು ಹನಿಯಷ್ಟು ಬಂದಿತ್ತು.

ಹುಡುಗಿ ಹತ್ತಿ ಕಚ್ಚಿಕೊಂಡೇ ಕೈ ಚಾಚಿದಳು. “ನನ್ನ ಹಲ್ಲ ಕೊಡ್ರಿ. ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗೀಬೇಕು. ಆಯಿ ಹೇಳ್ಯಾಳ.”

ಕಾಗದದಲ್ಲಿ ಸುತ್ತಿ ಕೊಟ್ಟೆ. ಮಧ್ಯಾಹ್ನದ ಬಿಡುವಿಗೆ ಗಂಟೆ ಬಾರಿಸಿದ್ದೇ ಅದನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಓಡಿದಳು. ನಮಗೆ ಬಿಸಿಯೂಟದ ಅನ್ನ ಸಾರು ಬಡಿಸಿದರು. ತಿರುಗಿ ಬಂದ ಹುಡುಗಿ ನೇರ ನಮ್ಮ ಹತ್ತಿರ ಬಂದು, ಒಗೆದದ್ದು ಒಂದೇ ಸಲಕ್ಕೆ ಮಾಳಿಗೆ ಮುಟ್ಟಿತು ಎಂದು ವರದಿ ಒಪ್ಪಿಸಿ, ತನ್ನ ತಟ್ಟೆ ತಂದು ನನ್ನ ಪಕ್ಕದಲ್ಲೇ ಊಟಕ್ಕೆ ಕುಳಿತಳು. ಡಾಕ್ಟರು ಇನ್ನೊಂದು ಸವುಟು ಸಾರು ಹಾಕಿಸಿಕೊಂಡರು. ಸಾಲಿನಲ್ಲಿ ಇನ್ನೂ ಅರ್ಧ ಮಕ್ಕಳು ಉಳಿದಿದ್ದರು. ಊರಿಗೆ ಮರಳುವ ಬಸ್ಸು ಸಂಜೆಗಿತ್ತು.